ಮುನಿಯಣ್ಣನಿಗೆ ಎಡೆ

ನಮ್ಮ ನಡುಮನೆಯ ಪಟದಲ್ಲಿ ಇರುವವರು ನಮ್ಮ ತಾತ ಎಂದು ಬಂಗಾರಪೇಟೆಯಲ್ಲಿ ನಮ್ಮನ್ನು ಬಲ್ಲ ಎಲ್ಲರೂ ಹೇಳುತ್ತಾರೆ. ತಾತ ಬೂದಿಕೋಟೆ ಕಡೆಯ ಪಾಳೇಗಾರರ ಪೈಕಿಯಂತೆ. ರಾಜನಂತೆ. ಅವರ ಠೀವಿ ಕಂಡು ಬೆರಗಾದ ಬಿಳಿಯ ಚಿತ್ರಕಾರನೊಬ್ಬ ಮೂರು ದಿನ ಎದುರಿಗೆ ಕೂರಿಸಿಕೊಂಡು ಈ ಪಟ ಬರೆದನಂತೆ. ಈ ಕಥೆಯ ಮೂಲ ನಮ್ಮ ದೊಡ್ಡಪ್ಪ, ಅಜ್ಜಿಯ ಬಾಯಲ್ಲಿ ನಾರಾಣಿ. ಅವರ ಸೈಕಲ್ ಅಂಗಡಿ ಮನೆಯ ಮುಂಭಾಗದಲ್ಲೇ ಇರುವುದರಿಂದ, ಟ್ಯೂಬಿಗೆ ಪ್ಯಾಚ್ ಹಾಕಿಸಿಕೊಳ್ಳಲು ಬಂದವರು ಸುಮ್ಮನೆ ಕತ್ತು ತಿರುಗಿಸಿದರೂ ಪಟ ಕಾಣುತ್ತದೆ. ಸೊಲ್ಯೂಷನ್ ಒಣಗುವಷ್ಟರಲ್ಲಿ ಕಥೆ ಮುಗಿಯುತ್ತದೆ. ಹೀಗೆ ನಮ್ಮ ರಾಜವಂಶ ಊರಿನ ಅರ್ಧ ಸೈಕಲ್ಲುಗಳ ಮೇಲೆ ಹತ್ತಿ ತಿರುಗಾಡಿತು.

ನಾನು ಇದನ್ನು ಒಪ್ಪಿರಲಿಲ್ಲ. ತಾತ ಕೆ.ಜಿ.ಎಫ್.ನ ನಂದಿದುರ್ಗ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದರು ಎಂಬುದನ್ನೂ ಇದೇ ಜನ ಇದೇ ಬಾಯಲ್ಲಿ ಹೇಳುತ್ತಿದ್ದರಲ್ಲ, ರಾಜನಾದವನು ಪಾತಾಳಕ್ಕೆ ಇಳಿದು ಬಂಡೆ ಯಾಕೆ ಕೊರೆಯಬೇಕು? ಪಟದಲ್ಲಿ ಅವರ ಹಿಂದೆ ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪದ ಕಲ್ಲುಕಂಬವಿದೆ. ಬೂದಿಕೋಟೆಯ ಸುತ್ತಮುತ್ತ ಅಂಥದ್ದು ಎಲ್ಲಿದೆ, ತೋರಿಸಿ. ಅದಿರಲಿ, ಮೈಮೇಲೆ ತುಪ್ಪಳದ ಅಂಚಿನ ನಿಲುವಂಗಿ. ನಮ್ಮ ಸೀಮೆಯ ಬಿಸಿಲಿನಲ್ಲಿ ತುಪ್ಪಳ ತೊಟ್ಟವನಿಗೆ ರಾಜ್ಯ ಬರುವ ಮೊದಲು ಬೆವರುಸಾಲೆ ಬರುತ್ತದೆ.

ಹೀಗೆಲ್ಲ ಕೇಳುವುದು ನನಗೆ ಅಭ್ಯಾಸವಾಗಿಹೋಗಿತ್ತು. ನಾನಿದ್ದದ್ದು ದೊಡ್ಡಪ್ಪನ ಮನೆಯಲ್ಲಿ, ಓದಲೆಂದು. ಅಪ್ಪ ಅಮ್ಮ ರೈಲ್ವೆ ಕೆಲಸದ ಮೇಲೆ ಊರೂರು ತಿರುಗುತ್ತಿದ್ದರು. ಕಾಲೇಜು ಕೆ.ಜಿ.ಎಫ್.ನಲ್ಲಿ, ದಿನಾ ರೈಲು. ಕಾಲೇಜಿನ ಚರ್ಚಾಕೂಟದಲ್ಲಿ ನನ್ನನ್ನು ಯಾವ ಪಕ್ಷಕ್ಕೆ ಹಾಕಿದರೂ ಗೆಲ್ಲುತ್ತಿದ್ದೆ. ಒಂದು ವಾರ ಯಂತ್ರಗಳ ಪರ ಮಾತಾಡಿ ಕಪ್ಪು ತಂದರೆ ಇನ್ನೊಂದು ವಾರ ಅವೇ ಯಂತ್ರಗಳ ವಿರುದ್ಧ ಮಾತಾಡಿ ಇನ್ನೊಂದು ಕಪ್ಪು. ನಿಜವಾಗಿ ನನಗೆ ಯಂತ್ರ ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರವೂ ಇರುತ್ತಿರಲಿಲ್ಲ. ನಾಲ್ಕು ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ಐದಕ್ಕೆ ಕೊನೆಯ ಗಂಟೆ. ಈಗಲೂ ನನ್ನ ಕೋಪ ಐದು ನಿಮಿಷಕ್ಕೆ ಸರಿಯಾಗಿ ನಿಲ್ಲುತ್ತದೆ. ದೊಡ್ಡಪ್ಪ ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ, ವಕೀಲಮ್ಮ ಎಂದೇ ಕರೆಯುತ್ತಿದ್ದರು.

ಪಟವನ್ನು ಮನೆಗೆ ತಂದವಳು ಅಜ್ಜಿ. ತಾತ ಜ್ವರದಲ್ಲಿ ತೀರಿಕೊಂಡಾಗ ದೊಡ್ಡಪ್ಪನಿಗೆ ನಾಲ್ಕು ವರ್ಷ, ನಮ್ಮಪ್ಪ ತೊಟ್ಟಿಲಲ್ಲಿ. ಅಜ್ಜಿ ನಂದಿದುರ್ಗದ ಒಂದು ಬಂಗಲೆಯಲ್ಲಿ ಆಯಾ ಆಗಿ ಸೇರಿ ಮಕ್ಕಳನ್ನು ಸಾಕಿದಳು. ಗಣಿಗಳು ಸರ್ಕಾರಕ್ಕೆ ಸೇರಿ ದೊರೆಗಳು ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಹೊರಟಾಗ, ಅವಳ ದೊರೆಸಾನಿ ಕೆಲಸದವರನ್ನೆಲ್ಲ ಕರೆದು ಮನೆಯಲ್ಲಿ ಏನು ಬೇಕೋ ಒಂದೊಂದು ತೆಗೆದುಕೊಳ್ಳಿ ಎಂದಳಂತೆ. ಅಡುಗೆಯವನು ಗಡಿಯಾರ ಇಳಿಸಿಕೊಂಡ. ಮಾಲಿ ಬೆತ್ತದ ಕುರ್ಚಿ ಹೊತ್ತ. ಅಜ್ಜಿ ವರಾಂಡದ ಗೋಡೆಯತ್ತ ಕೈ ತೋರಿಸಿದಳು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ತಾತನದು ಒಂದು ಫೋಟೋ ಕೂಡ ಇರಲಿಲ್ಲ. ದೊಡ್ಡಪ್ಪನಿಗೆ ಅಪ್ಪನ ಮುಖದ ನೆನಪೇ ಇರಲಿಲ್ಲ. ಮೂವತ್ತು ದಾಟಿದ ಮೇಲೆ, ತಲೆಯ ಮೇಲೆ ಹೊತ್ತು ತಂದ ಒಂದು ಚೌಕಟ್ಟಿನೊಳಗೆ, ಅವರಿಗೆ ಅಪ್ಪನ ಮುಖ ಸಿಕ್ಕಿತು. ಅಂದಿನಿಂದ ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಪಟ ಕೆಳಗಿಳಿಯುತ್ತಿತ್ತು. ಗಾಜು ಒರೆಸಿ, ಕುಂಕುಮ ಇಟ್ಟು, ಮುಂದೆ ಬಾಳೆಯೆಲೆ ಹಾಸಿ ಎಡೆ. ಮುದ್ದೆ, ಕೋಳಿಸಾರು, ಕಜ್ಜಾಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ತುಪ್ಪಳದ ನಿಲುವಂಗಿಯವರು ಬೀಡಿಯನ್ನು ನೋಡುತ್ತಿದ್ದ ರೀತಿಯೇ ನನ್ನ ಮೊದಲ ಅನುಮಾನಕ್ಕೆ ಕಾರಣ ಎಂದರೂ ತಪ್ಪಿಲ್ಲ.

ಇನ್ನು ಕಡ್ಲೆಕಾಯಿಯ ವಿಚಾರ. ಪೊಟ್ಟಣ ಖಾಲಿ ಮಾಡಿದ ಮೇಲೆ ಕಾಗದ ಬಿಡಿಸಿ ಓದುವ ಚಾಳಿ ನನ್ನದು. ನಿಮಗೂ ಇರಬಹುದು, ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ಒಂದು ಸಂಜೆ ಆಂಡರ್ಸನ್‌ಪೇಟೆಯಲ್ಲಿ ಕೊಂಡ ಪೊಟ್ಟಣದ ಕಾಗದ ಇಂಗ್ಲಿಷಿನಲ್ಲಿತ್ತು. ಒಬ್ಬ ಚಿತ್ರಕಾರನ ಸಮಾಚಾರ. ಅವನು ಗಿರಾಕಿಯ ಮುಖ ಮಾತ್ರ ತಾನು ಬರೆಯುತ್ತಿದ್ದನಂತೆ. ಬಟ್ಟೆ ಬರೆಯುವವನು ಬೇರೆ ಬೀದಿಯಲ್ಲಿದ್ದ. ಗಿರಾಕಿಯ ಕೋಟನ್ನು ಅಲ್ಲಿಗೆ ಕಳಿಸಿದರೆ ಅವನು ಅದನ್ನು ಒಂದು ಮರದ ಬೊಂಬೆಗೆ ತೊಡಿಸಿ ನೋಡಿ ಬರೆಯುತ್ತಿದ್ದ. ಕೈಗಳಿಗೆ ಮೂರನೆಯವನೊಬ್ಬ. ಅಲ್ಲಿಗೆ ಎಣ್ಣೆಯ ಕಲೆ. ಮುಂದೇನಾಯಿತೋ ಗೊತ್ತಾಗಲಿಲ್ಲ. ಮಾರನೆಯ ದಿನ ಹೋಗಿ ಅಂಗಡಿಯವನ ಬಳಿ ಉಳಿದ ಪುಸ್ತಕವನ್ನೇ ಕೇಳಿ ತಂದೆ. ದೊರೆಗಳು ಬಿಟ್ಟುಹೋದ ಹಳೆಯ ಪುಸ್ತಕಗಳೆಲ್ಲ ಕೊನೆಗೆ ಅವನ ಅಂಗಡಿಗೇ ಬಂದು ಬೀಳುತ್ತಿದ್ದವು.

ಅದು ಇನ್ನೂರು ವರ್ಷಗಳ ಹಿಂದಿನ ಇಂಗ್ಲಿಷ್ ಚಿತ್ರಕಾರರ, ನಾಟಕದವರ ಜೀವನಚರಿತ್ರೆಗಳ ಪುಸ್ತಕ. ರಟ್ಟಿರಲಿಲ್ಲ. ಅಂಗಡಿಯವನು ಕೈಗೆ ಸಿಕ್ಕಲ್ಲಿ ಹರಿದುಕೊಳ್ಳುತ್ತಿದ್ದುದರಿಂದ, ಅದರಲ್ಲಿ ಹುಟ್ಟಿದವರು ಸಾಯುತ್ತಿರಲಿಲ್ಲ, ಸತ್ತವರು ಹುಟ್ಟಿರಲಿಲ್ಲ. ಒಬ್ಬ ಚಿತ್ರಕಾರ ಒಂದು ಪುಟದ ಕೊನೆಯಲ್ಲಿ ಮದುವೆಗೆಂದು ಗಾಡಿ ಹತ್ತುತ್ತಾನೆ. ಮುಂದಿನ ಪುಟದಲ್ಲಿ ಶವಸಂಸ್ಕಾರ. ಗಾಡಿ ಮಗುಚಿತೆಂದು ತಿಳಿದು ನಾನು ಒಂದು ತಿಂಗಳು ಅವನಿಗಾಗಿ ಮರುಗಿದ್ದೆ. ಆಮೇಲೆ ತಿಳಿಯಿತು, ನಡುವೆ ಎಂಟು ಪುಟ ಹೋಗಿವೆ, ಸತ್ತವನು ಬೇರೆಯೇ, ಒಬ್ಬ ನಟ. ಇನ್ನೊಬ್ಬ ನಟನ ಮುಖ ಎಷ್ಟು ಬಗೆಯಾಗಿ ಹೊರಳುತ್ತಿತ್ತೆಂದರೆ, ಒಂದೇ ವರ್ಷ ಅವನನ್ನು ಬರೆದ ಇಬ್ಬರು ಚಿತ್ರಕಾರರು ತನ್ನದೇ ನಿಜ ತನ್ನದೇ ನಿಜ ಎಂದು ಬಡಿದಾಡಿ ಮಾತು ಬಿಟ್ಟರು. ತೀರ್ಪು ಕೊಡು ಎಂದು ನಟನನ್ನೇ ಕರೆದರೆ ಅವನು ಎರಡನ್ನೂ ನೋಡಿ, ಇವರಿಬ್ಬರನ್ನೂ ನಾನು ಎಲ್ಲೋ ಕಂಡಿದ್ದೇನೆ ಎಂದನಂತೆ. ಮೂರು ಜನ ಸೇರಿ ಒಬ್ಬನನ್ನು ಬರೆಯುವುದು, ಒಬ್ಬನೇ ಇಬ್ಬರಾಗಿ ಗೋಡೆಯ ಮೇಲೆ ಕೂರುವುದು, ಇದನ್ನೆಲ್ಲ ರೈಲಿನಲ್ಲಿ ಓದಿ ಓದಿ ನನ್ನ ತಲೆ ಕಲಸಿದ ಮುದ್ದೆಯಂತಾಗಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ, ರೈಲು ಊರ್ಗಾಂ ಸ್ಟೇಷನ್ ಬಿಡುತ್ತಿದ್ದಂತೆ ಪುಟ ತಿರುಗಿಸಿದರೆ, ನಮ್ಮ ತಾತ.

ಅದೇ ರುಮಾಲು, ಅದೇ ಗರಿ, ತುಪ್ಪಳ, ಕಂಬ, ಕೈಯಲ್ಲಿ ಬಾಕು. ಕೆಳಗೆ ಅಚ್ಚಾಗಿತ್ತು: ಶ್ರೀ ಮನ್ನಿಯನ್, ಸುಲ್ತಾನನ ಪಾತ್ರದಲ್ಲಿ. ಇಂಗ್ಲೆಂಡಿನ ನಾಟಕದವನು. ಒಬ್ಬ ಚಿತ್ರಕಾರ ಅವನನ್ನು ವೇಷದಲ್ಲೇ ನಿಲ್ಲಿಸಿ ಬರೆದಿದ್ದ, ಪುಸ್ತಕದಲ್ಲಿದ್ದದ್ದು ಆ ಮೂಲ ಚಿತ್ರ. ಆಮೇಲೆ ಅದನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿ ಊರೂರಿಗೆ ಮಾರಿದ್ದರು. ಅಂಥ ಅಚ್ಚಿನ ಒಂದು ಪ್ರತಿ ಹಡಗು ಹತ್ತಿ ನಂದಿದುರ್ಗದ ವರಾಂಡಕ್ಕೆ ಬಂದಿತ್ತು. ಆ ದಿನ ನಾನು ಯಾವ ಕ್ಲಾಸಿನಲ್ಲಿ ಕೂತೆ, ಏನು ಕೇಳಿದೆ, ಒಂದೂ ನೆನಪಿಲ್ಲ. ಇಂಥ ಸಾಕ್ಷ್ಯ ಯಾವ ಚರ್ಚಾಪಟುವಿಗೂ ಜನ್ಮದಲ್ಲಿ ಒಮ್ಮೆ ಸಿಕ್ಕರೆ ಹೆಚ್ಚು.

ಹಿರಿಯರ ಹಬ್ಬಕ್ಕೆ ನಾಲ್ಕು ದಿನವಿತ್ತು. ದೊಡ್ಡಪ್ಪ ಒಂದು ಚಕ್ರದ ಕಡ್ಡಿ ಬಿಗಿಮಾಡುತ್ತಿದ್ದರು. ಅವರ ಮುಂದೆ ಪುಸ್ತಕ ಹಿಡಿದು ನನ್ನ ಐದು ನಿಮಿಷ ಮುಗಿಸಿದೆ. ಅವರು ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡು ಒಳಗೆ ಹೋಗಿ ಪಟದ ಕೆಳಗೆ ನಿಂತರು. ತುಂಬ ಹೊತ್ತು ನೋಡಿದರು. ಅವರೂ ಕಮ್ಮಿಯಲ್ಲ, ನನ್ನ ರಕ್ತ ಎಲ್ಲಿಂದ ಬಂತು?

“ಇದ್ರಲ್ಲಿ ಬಾಕು ಎಡಗೈಲೈತೆ. ನಮ್ದ್ರಲ್ಲಿ ಬಲಗೈಲೈತೆ. ಇವ್ನು ಬ್ಯಾರೆ ಮನ್ಷ ಕಣಮ್ಮ, ವಕೀಲಮ್ಮ.”

ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ತಗಡಿನ ಮೇಲೆ ಇದ್ದದ್ದು ಇದ್ದ ಹಾಗೆ ಕೊರೆದರೆ ಕಾಗದದ ಮೇಲೆ ಎಡಬಲ ಅದಲುಬದಲಾಗುತ್ತದೆ ಎಂದು ಅದೇ ಪುಟದ ಅಡಿಯಲ್ಲಿ ಬರೆದಿತ್ತು. ಬಾಯಲ್ಲಿ ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ನಾನು ಅವರ ಕ್ಷೌರದ ಕನ್ನಡಿ ಮೊಳೆಯಿಂದ ತಂದು ಪಟಕ್ಕೆ ಎದುರಾಗಿ ಹಿಡಿದೆ. ಕನ್ನಡಿಯೊಳಗೆ ಬಾಕು ಎಡಗೈಗೆ ಹೋಯಿತು. ದೊಡ್ಡಪ್ಪ ಕನ್ನಡಿಯನ್ನು ನೋಡಿದರು, ಪುಸ್ತಕ ನೋಡಿದರು, ಮತ್ತೆ ಕನ್ನಡಿ ನೋಡಿದರು. ಕನ್ನಡಿಯ ಅಂಚಿನಲ್ಲಿ ಅವರ ಅರ್ಧ ಮುಖವೂ ಇತ್ತು. ಸ್ಟೂಲು ಹಾಕಿಕೊಂಡು ಹತ್ತಿ ಪಟ ಇಳಿಸಿ, ಅಂಗಡಿಯಲ್ಲಿ ಹಳೆ ಟೈರುಗಳ ಹಿಂದೆ ಮುಖ ಗೋಡೆಗೆ ಮಾಡಿ ನಿಲ್ಲಿಸಿದರು. ನಾನು ಗೆದ್ದಿದ್ದೆ. ಚಪ್ಪಾಳೆ ಮಾತ್ರ ಇರಲಿಲ್ಲ.

ಅಜ್ಜಿ ಸಂತೆಯಿಂದ ಬಂದು ಗೋಡೆ ನೋಡಿದಳು. ಪಟವಿದ್ದಲ್ಲಿ ಸುಣ್ಣ ಬೆಳ್ಳಗೆ ಉಳಿದಿತ್ತು.

“ಎಲ್ಲೇ ನಿಮ್ಮ ತಾತ?” ಎಂದಳು, ಅವರು ಬೀಡಿ ತರಲು ಹೊರಗೆ ಹೋಗಿದ್ದಾರೇನೋ ಎಂಬಂತೆ.

ನಾನು ಮತ್ತೆ ಪುಸ್ತಕ ತೆರೆದು ಅದರಲ್ಲಿನ ಚಿತ್ರದ ಕೆಳಗಿನ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಸುಲ್ತಾನನ ಪಾತ್ರದಲ್ಲಿ.

“ಯಾವ ಪಾತ್ರೇಲಿ?”

“ಪಾತ್ರೆ ಅಲ್ಲ ಅಜ್ಜಿ. ಪಾತ್ರ. ನಾಟಕದಲ್ಲಿ ಹಾಕ್ತಾರಲ್ಲ, ಪಾರ್ಟು.”

ಅಜ್ಜಿ ಸಂತೆಯ ಚೀಲ ಕೆಳಗಿಟ್ಟಳು. ಮುಖ ಅರಳಿತು. “ಪಾರ್ಟು ಆಕೋನಾ ಇವ್ನು? ಯಾವ ಪಾರ್ಟು?”

“ರಾಜನದು.”

“ರಾಜಾಪಾರ್ಟು ಅನ್ನು ಮತ್ತೆ. ನಿಮ್ಮ ತಾತಾನೂ ರಾಜಾಪಾರ್ಟೇ ಅಲ್ವಾ. ನಾನೇನು ಇಲ್ದಿದ್ದು ಏಳಿದ್ನಾ?”

ನಾಟಕ ಬಲ್ಲವರಿಗೆ ಈ ಮಾತು ಹೊಸದಲ್ಲ. ಊರ ನಾಟಕಗಳಲ್ಲಿ ರಾಜನಾಗುವವನನ್ನು ಬಣ್ಣ ಅಳಿಸಿದ ಮೇಲೂ ರಾಜಾಪಾರ್ಟು ಎಂದೇ ಕರೆಯುತ್ತಾರೆ. ರಾಜಾಪಾರ್ಟು ಬಂದ, ಜಾಗ ಬಿಡಿ. ರಾಜಾಪಾರ್ಟಿಗೆ ಗಂಟಲು ಕಟ್ಟಿದೆ, ಕಷಾಯ ಕೊಡಿ. ತಾತ ಗಣಿಗೆ ರಜೆ ಸಿಕ್ಕಾಗಲೆಲ್ಲ ಬೂದಿಕೋಟೆ ಪಕ್ಕದ ತಮ್ಮ ಹಳ್ಳಿಗೆ ನಡೆದು ಹೋಗಿ, ತೆಲುಗು ಸೀಮೆಯಿಂದ ಬಂದ ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ನಾಟಕದ ಮಾತು ಕಲಿಯುತ್ತಿದ್ದರಂತೆ. ಅಜ್ಜಿ ಇದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ನಿಮ್ಮಪ್ಪ ರಾಜಾಪಾರ್ಟು ಕಣ್ಲಾ ಎಂದು ನಾಲ್ಕು ವರ್ಷದ ಮಗನಿಗೆ ಹೇಳಿದ್ದಳು. ನಾಟಕವನ್ನೇ ಕಂಡಿರದ ಮಗು ರಾಜನನ್ನು ಇಟ್ಟುಕೊಂಡು ಪಾರ್ಟನ್ನು ಬಿಟ್ಟುಬಿಟ್ಟಿತು. ಮಿಕ್ಕದ್ದು, ಪಾಳೇಗಾರರು, ಚಿತ್ರಕಾರ, ಮೂರು ದಿನ, ಎಲ್ಲ ಆಮೇಲೆ ಬೆಳೆದವು.

ನನಗೆ ನಗು ತಡೆಯಲಾಗಲಿಲ್ಲ. ಅಂಗಡಿಗೆ ಓಡಿಹೋಗಿ ದೊಡ್ಡಪ್ಪನಿಗೆ ಇದನ್ನೂ ಹೇಳಿದೆ. ಕೈಯಲ್ಲಿದ್ದ ಸ್ಪ್ಯಾನರನ್ನು ಅವರು ಸುಮಾರು ಹೊತ್ತು ಎಲ್ಲಿ ಇಡಬೇಕೆಂದು ತಿಳಿಯದವರಂತೆ ಹಿಡಿದುಕೊಂಡಿದ್ದರು. ಪಂಕ್ಚರ್‌ಗೆ ಬಂದಿದ್ದ ಒಬ್ಬರು ಆಮೇಲೇನಾಯ್ತು ಎಂದು ಕೇಳಿದಾಗ ನಾನು ಮನೆಯೊಳಕ್ಕೆ ಬಂದೆ. ಆ ನಗು ನನ್ನ ಹೊಟ್ಟೆಯಲ್ಲಿ ಇನ್ನೂ ಕೂತಿದೆ, ಅರಗಿಲ್ಲ.

ಅಜ್ಜಿಗೆ ಈಗ ಬೇರೆ ಹಠ ಹಿಡಿಯಿತು. ಆ ನಾಟಕದವನ ಬದುಕನ್ನು ಓದಿ ಹೇಳು ಎಂದಳು. ಮನ್ನಿಯನ್ ಎಂಬುದು ಅವಳ ನಾಲಿಗೆಗೆ ನಿಲ್ಲದೆ ಎರಡನೆಯ ಸಲಕ್ಕೇ ಮುನಿಯಣ್ಣ ಆಯಿತು. ಮೂರು ಸಂಜೆ ಹಿತ್ತಿಲಿನಲ್ಲಿ ಅವಳು ಅಲಸಂದೆಕಾಯಿ ಸುಲಿಯುತ್ತ ಕೂತರೆ ನಾನು ಓದುತ್ತಿದ್ದೆ. ಮುನಿಯಣ್ಣ ಬಡವರ ಮನೆಯಲ್ಲಿ ಹುಟ್ಟಿದ. ಹದಿನೇಳಕ್ಕೆ ಕಂಪನಿ ಸೇರಿದ.

“ನಮ್ಮೋರೂ ಅದೇ ವಯಸ್ಗೇ ಕಂಪ್ನಿ ಸೇರಿದ್ದು,” ಎಂದಳು ಅಜ್ಜಿ.

ಇವನದು ನಾಟಕ ಕಂಪನಿ, ತಾತನದು ಗಣಿ ಕಂಪನಿ ಎಂದು ನಾನು ತಿದ್ದಿದೆ. ಕಂಪನಿ ಅಂದರೆ ಕಂಪನಿ, ಎರಡರಲ್ಲೂ ಗಂಟೆ ಹೊಡೆದರೆ ಒಳಗೆ ಹೋಗಬೇಕು ಎಂಬುದು ಅವಳ ವಾದ. ಅವನು ಏನು ತಿನ್ನುತ್ತಿದ್ದ, ಹೆಂಡತಿಗೆ ಹೊಡೆಯುತ್ತಿದ್ದನಾ ಎಂದೆಲ್ಲ ಕೇಳಿದಳು. ಹೆಂಡತಿಯ ಬಗ್ಗೆ ಪುಸ್ತಕದಲ್ಲಿ ಒಂದೇ ಸಾಲಿತ್ತು, ಮದುವೆಯಾಗಿತ್ತು ಎಂದು. ಅವಳು ಗಂಡನ ನಾಟಕ ನೋಡಲು ಹೋಗುತ್ತಿದ್ದಳಾ? ಬರೆದಿಲ್ಲ. ಅದನ್ನು ಬರೆಯದೆ ಇನ್ನೇನು ಬರೆದ ಆ ಮಹಾರಾಯ, ಎಂದು ಅಜ್ಜಿ ಬೇಸರಪಟ್ಟುಕೊಂಡಳು. ಆಮೇಲೆ ಪುಸ್ತಕದಲ್ಲಿ ಇಲ್ಲದ್ದನ್ನು ಅವಳೇ ಹೇಳಿದಳು.

ಮದುವೆಯಾದಾಗ ಅವಳಿಗೆ ಹದಿಮೂರು. ಗಣಿಯ ಕೂಲಿಕಾರರ ಲೈನಿನಲ್ಲಿ ತಟ್ಟಿಗೋಡೆಯ ಒಂದೇ ಕೋಣೆ, ಕಿಟಕಿಯಿಲ್ಲ. ರಾತ್ರಿ ಶಿಫ್ಟು ಮುಗಿಸಿ ಬಂದವರು ಹಗಲೆಲ್ಲ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗುತ್ತಿದ್ದರು. ಹಗಲಿನ ಶಿಫ್ಟಾದರೆ ಕತ್ತಲಿಗೆ ಹೋಗಿ ಕತ್ತಲಿಗೆ ಬರುವುದು. ಎದುರಿಗೆ ಕೂತು ಉಣ್ಣುವಾಗಲೂ ಗಂಡನ ಮುಖವನ್ನು ನೆಟ್ಟಗೆ ನೋಡುವುದು ಅಂದಿನ ಹೆಂಗಸರಿಗೆ ಸಲ್ಲದ ನಡತೆ. ತಟ್ಟೆ ನೋಡಬೇಕು, ಕಾಲು ನೋಡಬೇಕು.

“ನಾಟ್ಕದ ದಿನ ಮಾತ್ರ ಎಲ್ಲ್ರೂ ನೋಡ್ತಿದ್ರು ಕಣೇ. ನಾನೂ ಎಂಗಸ್ರ ಮಧ್ಯ ಕುಂತ್ಕಂಡು ನೋಡ್ತಿದ್ದೆ. ಕಣ್ತುಂಬ. ಯಾರು ಏನಂತಾರೆ? ರಾಜನ್ನ ತಾನೆ ನೋಡ್ತಿರೋದು.”

ಕೆನ್ನೆಗೆ ಅರದಾಳದ ಬಣ್ಣ, ಹುಬ್ಬಿಗೆ ಕಾಡಿಗೆ, ತಲೆಗೆ ಜರಿ ರುಮಾಲು, ಅದರ ಮೇಲೆ ನವಿಲುಗರಿ. ಒಂಬತ್ತು ವರ್ಷದ ಸಂಸಾರದಲ್ಲಿ ಅಂಥ ನಾಟಕ ಎಷ್ಟಾದವು ಎಂದು ಕೇಳಿದರೆ ಬೆರಳು ಮಡಿಸಿ ಆರು ಎಂದಳು. ಬಂಗಲೆಯ ವರಾಂಡದಲ್ಲಿ ಮೊದಲ ದಿನ ಕಸ ಗುಡಿಸುವಾಗ ತಲೆ ಎತ್ತಿದರೆ ಆ ಆರು ದಿನ ಕಣ್ತುಂಬ ಕಂಡವರೇ ಗೋಡೆಯ ಮೇಲಿದ್ದರಂತೆ.

ನನ್ನ ತರ್ಕ ಎಡವಿದ್ದು ಇಲ್ಲಿ. ಪಟದಲ್ಲಿರುವುದು ಮನ್ನಿಯನ್ ಎಂದು ನಾನು ಸಾಧಿಸಿದ್ದೆನಲ್ಲ, ಆದರೆ ಮುಖಕ್ಕೆ ಬಣ್ಣ ಬಳಿದುಕೊಂಡು ಸುಲ್ತಾನನಾದ ಮೇಲೆ ಅವನೂ ಅಲ್ಲಿ ಎಷ್ಟಿದ್ದ? ಅದರ ಮೇಲೆ ಚಿತ್ರಕಾರನ ಬಣ್ಣ, ಅದರ ಮೇಲೆ ತಗಡು ಕೊರೆದವನ ಉಳಿ. ಬಟ್ಟೆಯೊಳಗಿದ್ದದ್ದು ಮರದ ಬೊಂಬೆಯೂ ಇರಬಹುದು. ಇಷ್ಟು ಜನ ಬಂದು ಹೋದ ಮುಖದಲ್ಲಿ ನಮ್ಮ ತಾತನಿಗೊಂದು ಮೂಲೆ ಕೊಟ್ಟರೆ ಯಾರ ಗಂಟು ಹೋಗುತ್ತದೆ? ಮನಸ್ಸು ಹಾಗೆನ್ನುತ್ತಿತ್ತು. ಬುದ್ಧಿ, ಅಧ್ಯಕ್ಷರೇ, ಇದು ವಾದವಲ್ಲ, ಕನಿಕರ, ಎನ್ನುತ್ತಿತ್ತು. ಎರಡಕ್ಕೂ ಗಂಟೆ ಹೊಡೆಯುವವರಿರಲಿಲ್ಲ.

ಅಮಾವಾಸ್ಯೆ ಬಂತು. ದೊಡ್ಡಪ್ಪ ನಡುಮನೆಯಲ್ಲಿ ಮಣೆ ಹಾಕಿ ಕಳಶ ಇಟ್ಟರು. ಕಳಶದ ಪಕ್ಕ ಹೊಸ ಪಂಚೆ, ಒಂದು ರುಮಾಲು. ಪಟವಿಲ್ಲದ ಮನೆಗಳಲ್ಲಿ ಹಿರಿಯರು ಹೀಗೇ ಬರುತ್ತಾರೆ. ಅಜ್ಜಿ ಎಲೆಗೆ ಬಡಿಸುವುದನ್ನು ಅರ್ಧಕ್ಕೆ ಬಿಟ್ಟು ಅಂಗಡಿಗೆ ಹೋಗಿ, ಟೈರಿನ ಧೂಳನ್ನು ಸೆರಗಿನಲ್ಲಿ ಒರೆಸುತ್ತ ಪಟವನ್ನು ತಂದು ಕಳಶಕ್ಕೆ ಒರಗಿಸಿದಳು.

ದೊಡ್ಡಪ್ಪ ಅದನ್ನು ಹಿಡಿದರು, ಮೆತ್ತಗೆ. “ಬ್ಯಾಡಮ್ಮ. ಕಂಡೋರ ಮನೆ ಸತ್ತೋನ್ಗೆ ನಾವ್ ಎಡೆ ಇಕ್ಕಿದ್ರೆ, ನಮ್ಮಪ್ಪ ಬಂದು ಬಾಗ್ಲಾಗೆ ನಿಂತ್ಕಂಡು ವಾಪಸ್ ಓಗ್ತಾನೆ.”

“ಈಟು ವರ್ಸ ಉಂಡೋನು ಯಾರ್ಲಾ ಮತ್ತೆ?”

“ಅದೇ ನಂಗೂ ಗೊತ್ತಾಗ್ತಿಲ್ಲ.”

ಅವರು ನನ್ನ ಕಡೆ ತಿರುಗಿದರು. ಕೋ‍ಪವಿರಲಿಲ್ಲ. ಅಲ್ಲ ಅನ್ನುವುದಕ್ಕೆ ಅಷ್ಟೊಂದು ಮಾತಾಡಿದೆಯಲ್ಲ, ಹೌದು ಅನ್ನುವುದಕ್ಕೂ ಏನಾದರೂ ಇದ್ದರೆ ಮಾತಾಡು, ನಿನಗೆ ಎರಡು ಕಡೆಯೂ ಬರುತ್ತದಲ್ಲ, ಎಂದರು. ಅವರು ನಿಜವಾಗಿಯೂ ಕೇಳುತ್ತಿದ್ದರು. ನಾನು ಎದ್ದು ನಿಂತೆ. ಪಟ ಎನ್ನುವುದು ಗುರುತು ಮಾತ್ರ, ಮನುಷ್ಯನಲ್ಲ ಎಂದು ಶುರುಮಾಡಿದೆ. ಅಜ್ಜಿಗೆ ಅದರಲ್ಲಿ ಯಾರು ಕಾಣುತ್ತಾರೋ ಅವರೇ ಅದರಲ್ಲಿರುವವರು ಎಂದೆ. ಅಜ್ಜಿ ನೋಡಿದಾಗಲೆಲ್ಲ ಅವಳಿಗೆ ತಾತನ ಮುಖ ನೆನಪಾಗುತ್ತದೆ, ಆದ್ದರಿಂದ, ಎನ್ನುವಷ್ಟರಲ್ಲಿ ಅಜ್ಜಿಯೇ ಕೈ ಅಡ್ಡ ಮಾಡಿದಳು.

“ಮೊದ್ಲು ಅಂಗೇ ಇತ್ತು. ಇವ್ನ ನೋಡಿದ್ರೆ ಅವ್ರು ಗ್ಯಾಪ್ಕಕ್ಕೆ ಬತ್ತಿದ್ರು. ಈಗೀಗ ಕಣ್ಮುಚ್ಚಿದ್ರೂ ಇವ್ನೇ ಬತ್ತಾನೆ. ಅವ್ರು ಬರಾಕಿಲ್ಲ. ಇವ್ನನ್ನೂ ಟೈರಿನ್ ಇಂದಕ್ಕೆ ಆಕ್ಬುಟ್ರೆ ನಂಗೆ ಯಾರೂ ಇಲ್ಲ ಕಣ್ಲಾ, ನಾರಾಣಿ.”

ಎಲೆಯ ಮೇಲೆ ಸಾರು ಹರಿದು ಕಜ್ಜಾಯಕ್ಕೆ ತಾಗುತ್ತಿತ್ತು. ಯಾರೂ ಅದನ್ನು ಸರಿಸಲಿಲ್ಲ. ದೊಡ್ಡಪ್ಪ ಪಟದ ಮೇಲಿಂದ ಕೈ ತೆಗೆದರು. ಅದು ಕಳಶಕ್ಕೆ ಒರಗಿಕೊಂಡೇ ಉಳಿಯಿತು. ಅವರು ಅದರ ಮುಂದೆ, ಎಲೆಯ ಈಚೆಗೆ, ಮಂಡಿಯೂರಿ ಕೂತರು. ಕುಂಕುಮದ ಬಟ್ಟಲು ಎತ್ತಿಕೊಂಡವರು ಬೆರಳನ್ನು ಅದ್ದಿ, ಎಲ್ಲಿ ಇಡಬೇಕೆಂದು ತಿಳಿಯದೆ, ನಾಲ್ಕು ವರ್ಷದ ಮಗುವಿನಂತೆ ಅಜ್ಜಿಯ ಕಡೆ ತಲೆ ಎತ್ತಿ ಕೇಳಿದರು.

“ಅಮ್ಮ, ಬಣ್ಣ ತೊಳ್ಕಂಡ್ಮ್ಯಾಕೆ ನಮ್ಮಪ್ಪ ಎಂಗಿರ್ತಿದ್ದ?”